ಭೀಮನಬೀಡಿನ ಹಳದಿ ಹೊಲಗಳೂ ಜಗತ್ತಿನ ಸಂತೆಯೂ

ಮುಂಗಾರು ಹಿಡಿದ ಮೇಲೆ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೊರಟವರ ಎಡಬಲಕ್ಕೆ ಹಳದಿಯೇ ಹಳದಿ. ಒಂದು ಹೊಲದಲ್ಲಿ ಚೆಂಡು ಹೂ, ಅದರ ಬದು ದಾಟಿದರೆ ಸೂರ್ಯಕಾಂತಿ. ಓಣಂ ಹಬ್ಬಕ್ಕೆ ಮೊದಲು ವಯನಾಡು, ಕೋಝಿಕ್ಕೋಡಿನಿಂದ ಕಾರಿನಲ್ಲಿ ಬರುವ ಕುಟುಂಬಗಳು ಹೊಲದೊಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತವೆ. ತುಳಿದ ಗಿಡದ ನಷ್ಟ ಹೊರುವವರು ಯಾರು ಎಂದು ಕೇಳಿ ಕೆಲವು ರೈತರು ತಲೆಗಿಷ್ಟು ಎಂದು ದುಡ್ಡು ಪಡೆಯುವುದನ್ನೂ ರೂಢಿ ಮಾಡಿಕೊಂಡಿದ್ದಾರೆ. ಭೀಮನಬೀಡು, ಹಂಗಳ, ಬೇರಂಬಾಡಿ ಸುತ್ತಿನ ಈ ನೆಲ ಇಂದು ಹೊರಗಿನವರಿಗೆ ಗೊತ್ತಿರುವುದು ಹೆಚ್ಚಾಗಿ ಈ ಬಣ್ಣದಿಂದಲೇ.

ಎರಡು ಗಿಡಗಳೂ ಈ ನೆಲದಲ್ಲಿ ಹುಟ್ಟಿದವಲ್ಲ. ಚೆಂಡು ಹೂವಿನ ತವರು ಮೆಕ್ಸಿಕೊ. ಅಲ್ಲಿ ತೀರಿಹೋದ ಹಿರಿಯರನ್ನು ನೆನೆಯುವ ಹಬ್ಬಕ್ಕೆ ಇವತ್ತಿಗೂ ಇದೇ ಹೂವಿನ ರಾಶಿ ಬೇಕು. ಸೂರ್ಯಕಾಂತಿ ಉತ್ತರ ಅಮೆರಿಕದ್ದು. ಅದು ದೊಡ್ಡ ಎಣ್ಣೆಬೀಜದ ಬೆಳೆಯಾಗಿ ಬೆಳೆದದ್ದು ರಷ್ಯಾದಲ್ಲಿ. ಭಾರತದ ಹೊಲಗಳಿಗೆ ಎಣ್ಣೆಬೀಜವಾಗಿ ಬಂದದ್ದು 1969ರಲ್ಲಿ, ಸೋವಿಯತ್ ಒಕ್ಕೂಟದಿಂದ ತರಿಸಿದ ಬಿತ್ತನೆಯ ಮೂಲಕ. ಇಲ್ಲಿ ಕುಯ್ದ ಚೆಂಡು ಹೂ ಕಾರ್ಖಾನೆ ಸೇರಿ, ಅದರ ಸತ್ವ ಹೊರದೇಶದ ಕೋಳಿ ಆಹಾರಕ್ಕೂ ಕಣ್ಣಿನ ಮಾತ್ರೆಗೂ ಹೋಗುತ್ತದೆ. ಸೂರ್ಯಕಾಂತಿಯ ಬೆಲೆ ಕಪ್ಪು ಸಮುದ್ರದ ಬಂದರುಗಳಲ್ಲಿ ಏನಾಗುತ್ತಿದೆ ಎಂಬುದನ್ನು ನೋಡಿಕೊಂಡು ಏಳುತ್ತದೆ, ಬೀಳುತ್ತದೆ. ಜಾಗತೀಕರಣದ ಅರ್ಥ, ಇತಿಹಾಸ, ಅದರ ಸುತ್ತಲಿನ ವಾದ–ವಿವಾದ ಇವಿಷ್ಟನ್ನೂ ಇಲ್ಲಿಂದಲೇ ಕೇಳಬಹುದು. ನ್ಯೂಯಾರ್ಕಿಗೋ ಜಿನೀವಾಕ್ಕೋ ಹೋಗಬೇಕಿಲ್ಲ.

ಸರಕು, ಬಂಡವಾಳ, ತಂತ್ರಜ್ಞಾನ, ಜನ, ರೋಗ, ವಿಚಾರ ಇವೆಲ್ಲ ದೇಶದ ಗಡಿಗಳನ್ನು ಹಿಂದೆಂದಿಗಿಂತ ವೇಗವಾಗಿ ದಾಟಿ, ಒಂದು ಕಡೆಯ ತೀರ್ಮಾನ ಇನ್ನೊಂದು ಕಡೆಯ ಬದುಕನ್ನು ಬದಲಿಸುವ ಸ್ಥಿತಿಗೆ ಜಾಗತೀಕರಣ ಎನ್ನುತ್ತಾರೆ. ಈ ಮಾತು ವ್ಯಾಪಾರಿ ಜಗತ್ತಿನಲ್ಲಿ ಜೋರಾಗಿ ಓಡಾಡತೊಡಗಿದ್ದು 1983ರಲ್ಲಿ, ಥಿಯೊಡೋರ್ ಲೆವಿಟ್ ಎಂಬ ಹಾರ್ವರ್ಡಿನ ಪ್ರಾಧ್ಯಾಪಕರು ಮಾರುಕಟ್ಟೆಗಳ ಜಾಗತೀಕರಣದ ಬಗ್ಗೆ ಲೇಖನ ಬರೆದ ಮೇಲೆ. ಆದರೆ ಆ ಸ್ಥಿತಿ ಯಾವಾಗ ಶುರುವಾಯಿತು ಎಂಬುದರಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ. ಅಮರ್ತ್ಯ ಸೇನ್ ಅವರಂಥವರು ಇದು ಸಾವಿರಾರು ವರ್ಷದ ಹಳೆಯ ಕೊಡು–ಕೊಳ್ಳುವಿಕೆ, ಪಶ್ಚಿಮದ ಸ್ವತ್ತಲ್ಲ ಎನ್ನುತ್ತಾರೆ. ಆರ್ಥಿಕ ಇತಿಹಾಸಕಾರರಾದ ಕೆವಿನ್ ಒರೂರ್ಕ್ ಮತ್ತು ಜೆಫ್ರಿ ವಿಲಿಯಮ್ಸನ್ ಅವರು ಅಷ್ಟು ಸಡಿಲವಾಗಿ ಹೇಳಬಾರದು, 1820ರ ದಶಕದಿಂದ ಮಾತ್ರ ಎಂದು ಗೆರೆ ಎಳೆಯುತ್ತಾರೆ. ದೂರದೂರದ ಎರಡು ಸಂತೆಗಳ ಬೆಲೆ ಒಂದನ್ನೊಂದು ಎಳೆಯತೊಡಗಿದಾಗಷ್ಟೇ ಜಾಗತೀಕರಣ ಆಯಿತೆನ್ನಬೇಕು ಎಂಬುದು ಅವರ ಅಳತೆ. 1996ರಲ್ಲಿ ಪಾಲ್ ಹರ್ಸ್ಟ್ ಮತ್ತು ಗ್ರಹಾಂ ಥಾಂಪ್ಸನ್ ಇನ್ನೂ ಮುಂದೆ ಹೋಗಿ, ಮೊದಲ ಮಹಾಯುದ್ಧಕ್ಕೆ ಮುಂಚಿನ ಜಗತ್ತು ಕೆಲವು ವಿಷಯಗಳಲ್ಲಿ ಇವತ್ತಿನದಕ್ಕಿಂತ ಹೆಚ್ಚು ಮುಕ್ತವಾಗಿತ್ತು, ಈಗಿನದನ್ನು ಹೊಸದೆಂದು ಉಬ್ಬಿಸಬೇಡಿ ಎಂದು ವಾದಿಸಿದರು.

ಗುಂಡ್ಲುಪೇಟೆ ಸೀಮೆಯ ಮಟ್ಟಿಗೆ ಈ ಮೂರು ವಾದಗಳಿಗೂ ಸಾಕ್ಷಿ ಸಿಗುತ್ತದೆ.

ರಾಗಿಯಿಂದಲೇ ತೊಡಗಬಹುದು. ಚಾಮರಾಜನಗರ ಜಿಲ್ಲೆಯವರು ತಮ್ಮ ಮಣ್ಣಿನದೇ ಎಂದು ಎದೆ ತಟ್ಟಿ ಹೇಳುವ ಧಾನ್ಯ ಅದು. ಅದರ ಕಾಡುಮೂಲ ಪೂರ್ವ ಆಫ್ರಿಕದ ಎತ್ತರದ ನಾಡಿನಲ್ಲಿ, ಇಥಿಯೋಪಿಯಾ–ಉಗಾಂಡದ ಕಡೆ. ಜೋಳವೂ ಆಫ್ರಿಕದಿಂದ ಬಂದದ್ದೇ. ಹುರುಳಿ ಮಾತ್ರ ದಕ್ಷಿಣ ಭಾರತದ ಹಳೆಯ ಮಗ. ನವಶಿಲಾಯುಗದ ನೆಲೆಗಳಲ್ಲೂ ಅದರ ಕಾಳು ಸಿಕ್ಕಿದೆ. ರಾಗಿ ಮುದ್ದೆಯ ಪಕ್ಕದ ಹುರುಳಿ ಸಾರಿಗೆ ಬೀಳುವ ಒಣಮೆಣಸಿನಕಾಯಿ, ಟೊಮ್ಯಾಟೊ ಅಮೆರಿಕ ಖಂಡದವು. ಕಡಲೆಕಾಯಿ, ಆಲೂಗಡ್ಡೆ, ಮುಸುಕಿನ ಜೋಳಗಳದ್ದೂ ಅದೇ ಮೂಲ. 1498ರಲ್ಲಿ ವಾಸ್ಕೊ ಡ ಗಾಮ ಕೇರಳದ ಕರಾವಳಿಗೆ ಬಂದ ಮೇಲೆ ಪೋರ್ಚುಗೀಸರ ಹಡಗಿನ ದಾರಿಯಲ್ಲಿ ಇವುಗಳಲ್ಲಿ ಹಲವು ಭಾರತಕ್ಕೆ ಕಾಲಿಟ್ಟವು. ಒಂದು ತಟ್ಟೆ ಊಟದಲ್ಲಿ ಮೂರು ಖಂಡಗಳಿವೆ. ಹಾಗಿದ್ದೂ ಅದು ಅಪ್ಪಟ ಇಲ್ಲಿಯ ಊಟ. ಬಂದದ್ದನ್ನು ಶತಮಾನಗಳ ನಿಧಾನದಲ್ಲಿ ಪಳಗಿಸಿ, ಇಲ್ಲಿಯ ಮಳೆಗೆ, ಮಣ್ಣಿಗೆ, ನಾಲಗೆಗೆ ಹೊಂದಿಸಿಕೊಳ್ಳುವ ಅವಕಾಶ ರೈತರ ಕೈಯಲ್ಲೇ ಇತ್ತು. ಅವತ್ತಿನ ಕೊಡು–ಕೊಳ್ಳುವಿಕೆಗೂ ಇವತ್ತಿನದಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಹುಡುಕಬೇಕಾದದ್ದು ಇಲ್ಲಿ.

ಹಳೆಯ ವ್ಯಾಪಾರದ ನಕ್ಷೆಯಲ್ಲೂ ಈ ಸೀಮೆಗೆ ಜಾಗವಿದೆ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ತನ್ನ ಭೂಗೋಳದಲ್ಲಿ ಬೆರಿಲ್ ರತ್ನ ಸಿಗುವ ‘ಪೌನ್ನಾಟ’ ಎಂಬ ಜಾಗವನ್ನು ಗುರುತಿಸಿದ. ಅದು ಪುನ್ನಾಟ ರಾಜ್ಯವೇ ಎಂಬುದು ಇತಿಹಾಸಕಾರರ ಅಭಿಪ್ರಾಯ. ಪುನ್ನಾಟದ ರಾಜಧಾನಿ ಕೀರ್ತಿಪುರ, ಅಂದರೆ ಇಂದಿನ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು, ಕಬಿನಿ ದಂಡೆಯ ಊರು. ಗುಂಡ್ಲುಪೇಟೆ ತಾಲ್ಲೂಕಿಗೆ ಅದು ನೆರೆಸೀಮೆ. ಪಶ್ಚಿಮ ಕರಾವಳಿಯ ಮುಜಿರಿಸ್ ಬಂದರಿಗೆ ರೋಮನ್ ಹಡಗುಗಳು ಬಂದು ಮೆಣಸು, ರತ್ನ ಕೊಂಡೊಯ್ಯುತ್ತಿದ್ದ ಕಾಲ ಅದು. ಕಬಿನಿ ಸೀಮೆಯ ಕಲ್ಲು ಮೆಡಿಟರೇನಿಯನ್ ತೀರದ ಶ್ರೀಮಂತರಿಗೆ ಬೇಕಾಗಿತ್ತು. ಆದರೂ ರೋಮಿನಲ್ಲಿ ಬೆಲೆ ಬಿದ್ದರೆ ಕಿತ್ತೂರಿನ ಒಕ್ಕಲಿಗ ಆ ವರ್ಷ ರಾಗಿ ಬಿತ್ತುವುದನ್ನು ಬಿಡುತ್ತಿರಲಿಲ್ಲ.

ಬೆಲೆ ಹೊಲದೊಳಕ್ಕೇ ಕಾಲಿಟ್ಟದ್ದು ಹತ್ತೊಂಬತ್ತು–ಇಪ್ಪತ್ತನೆಯ ಶತಮಾನದಲ್ಲಿ. ಅದರ ಎರಡು ಕತೆಗಳು ಈ ಭಾಗದವರಿಗೆ ಮುಖ್ಯ: ಗಂಧ ಮತ್ತು ರೇಷ್ಮೆ.

ಮೈಸೂರು ಸಂಸ್ಥಾನದ ಕಾಡುಗಳ ಗಂಧದ ಮರ ಟಿಪ್ಪುವಿನ ಕಾಲದಿಂದಲೂ ದೊರೆಯ ಸ್ವತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸರ್ಕಾರ ಮರವನ್ನು ಹರಾಜು ಹಾಕುತ್ತಿತ್ತು. ಅದರ ದೊಡ್ಡ ಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾಯಿತು. ಒಂದೇ ಏಟಿಗೆ ಕೊಳ್ಳುವವರಿಲ್ಲದಂತಾಯಿತು. ಖಜಾನೆಗೆ ಬರುವ ಆದಾಯ ನಿಂತಿತು. ಆಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯ, ಅರಸರು ನಾಲ್ವಡಿ ಕೃಷ್ಣರಾಜ ಒಡೆಯರು. ಕೈಗಾರಿಕೆಯ ಹೊಣೆ ಹೊತ್ತಿದ್ದ ಆಲ್ಫ್ರೆಡ್ ಚಾಟರ್ಟನ್, ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿಗಳು ಸೇರಿ ಎಣ್ಣೆ ತೆಗೆಯುವ ವಿದ್ಯೆಯನ್ನು ಇಲ್ಲೇ ಕುದುರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆಗಳು ಶುರುವಾದವು. ಎಸ್.ಜಿ. ಶಾಸ್ತ್ರಿ ಅವರನ್ನು ಸಾಬೂನಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿದರು. ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಹೀಗೆ. ಜಗತ್ತಿನ ಸಂತೆ ಬಾಗಿಲು ಹಾಕಿಕೊಂಡಾಗ ಮೈಸೂರು ಕೈಕಟ್ಟಿ ಕೂರಲಿಲ್ಲ, ತಾನೂ ಬಾಗಿಲು ಹಾಕಿಕೊಳ್ಳಲಿಲ್ಲ. ಮರ ಮಾರುವುದನ್ನು ಬಿಟ್ಟು ಎಣ್ಣೆ, ಸಾಬೂನು ಮಾರಿತು. ನೂರು ವರ್ಷ ದಾಟಿದರೂ ಇದಕ್ಕಿಂತ ಒಳ್ಳೆಯ ಉತ್ತರವನ್ನು ಈ ನಾಡು ಜಾಗತೀಕರಣಕ್ಕೆ ಕೊಟ್ಟಿಲ್ಲ ಎಂದೇ ಹೇಳಬೇಕು.

ರೇಷ್ಮೆಯದು ಕಷ್ಟದ ಕತೆ. ಟಿಪ್ಪು ಬಂಗಾಳದಿಂದ ಹುಳು ತರಿಸಿ ಸಾಕಿಸಿದ ಈ ಕಸುಬು ಚಾಮರಾಜನಗರ, ಯಳಂದೂರು, ಸಂತೇಮರಹಳ್ಳಿ, ಕೊಳ್ಳೇಗಾಲದ ಮನೆಮನೆಗೆ ಹರಡಿತು. ಕೊಳ್ಳೇಗಾಲ 1956ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆದರೂ ಹುಳುವಿನ ಸಾಕಣೆ ಗಡಿಯ ಎರಡೂ ಕಡೆ ಒಂದೇ. ಮುಂದೆ ಮೈಸೂರು ಶುದ್ಧ ತಳಿಗೆ ಜಪಾನಿ ಮೂಲದ ತಳಿ ಬೆರೆಸಿ ಗೂಡಿನ ಇಳುವರಿ ಹೆಚ್ಚಿಸಿದರು. ಹುಳು ಹೀಗೆ ಜಪಾನಿನಿಂದ ಬಂತು, ಸ್ಪರ್ಧೆಯೂ ಅಲ್ಲಿಂದಲೇ ಬಂತು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಜಪಾನು, ಚೀನಾಗಳ ಅಗ್ಗದ ರೇಷ್ಮೆ ಭಾರತದ ಪೇಟೆಗೆ ನುಗ್ಗಿ ಇಲ್ಲಿಯ ಗೂಡಿನ ಬೆಲೆ ನೆಲಕಚ್ಚಿತು. ಸುಂಕ ಮಂಡಳಿ ವಿಚಾರಣೆ ನಡೆಸಿದ ಮೇಲೆ 1934ರಲ್ಲಿ ರಕ್ಷಣಾ ಸುಂಕ ಬಂತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ ಅದೇ ಕಸುಬಿಗೆ ಮತ್ತೆ ಕಳೆ ಬಂತು.

ಇದೇ ಆಟ 2011ರಲ್ಲಿ ಮರಳಿತು. ಆ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಒಮ್ಮೆಲೇ ಶೇ. 5ಕ್ಕೆ ಇಳಿಸಿದರು. ನೇಕಾರರಿಗೆ ಅಗ್ಗದ ನೂಲು ಸಿಗಲಿ ಎಂಬ ಕಾರಣ ಕೊಟ್ಟರು, ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಚೀನಾದ ನೂಲು ಹರಿದು ಬಂತು, ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗೆ ಬಂದರು. ಹಿಪ್ಪುನೇರಳೆ ಗಿಡ ಕಿತ್ತು ಬೇರೆ ಬೆಳೆಗೆ ಹೋದವರು ಹಲವರು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಿದರು. ಕಿತ್ತ ಗಿಡ ಅಷ್ಟರಲ್ಲೇ ಮರಳಿ ಚಿಗುರುವಂಥದ್ದಲ್ಲ.

ದೆಹಲಿಯಲ್ಲಿ ಕುಳಿತು ಒಂದು ಅಂಕಿಯನ್ನು ತಿದ್ದುವುದಕ್ಕೂ ಸಂತೇಮರಹಳ್ಳಿಯಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆ ಅಟ್ಟ ಸೇರುವುದಕ್ಕೂ ನಡುವೆ ಕೆಲವೇ ತಿಂಗಳು. ಜಾಗತೀಕರಣವನ್ನು ಆಕಾಶದಿಂದ ಇಳಿಯುವ ಮುಂಗಾರಿನಂತೆ, ಯಾರ ಕೈಯಲ್ಲೂ ಇಲ್ಲದ ಪ್ರಕೃತಿಯ ವ್ಯಾಪಾರದಂತೆ ಕಾಣುವ ಅಭ್ಯಾಸ ನಮ್ಮ ಚರ್ಚೆಗಳಲ್ಲಿ ಬೇರೂರಿದೆ. ಹೊಗಳುವವರೂ ತೆಗಳುವವರೂ ಅದೇ ತಪ್ಪು ಮಾಡುತ್ತಾರೆ. ಅದು ಸಹಿ ಹಾಕಿದ ಒಪ್ಪಂದಗಳ, ಬಜೆಟ್ಟಿನಲ್ಲಿ ಬರೆದ ಸುಂಕಗಳ, ಕಂಪನಿಗಳ ಕರಾರುಗಳ ಒಟ್ಟು ಮೊತ್ತ. ಬರೆದವರಿದ್ದಾರೆ, ಅವರನ್ನು ಕೇಳಬಹುದು.

ಸ್ವಾತಂತ್ರ್ಯಾನಂತರದ ನಾಲ್ಕು ದಶಕ ಭಾರತ ಪರವಾನಗಿ, ಎತ್ತರದ ಸುಂಕಗಳ ಒಳಗೆ ನಡೆಯಿತು. 1991ರಲ್ಲಿ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟಕ್ಕೆ ಇಳಿದು, ಚಿನ್ನವನ್ನು ಹೊರದೇಶದಲ್ಲಿ ಅಡವಿಡಬೇಕಾಯಿತು. ಜುಲೈ ಮೊದಲ ವಾರದಲ್ಲಿ ರೂಪಾಯಿಯ ಬೆಲೆಯನ್ನು ಎರಡು ಕಂತಿನಲ್ಲಿ ಇಳಿಸಿದರು. 24ರಂದು ಮನಮೋಹನ ಸಿಂಗ್ ಹೊಸ ಹಾದಿಯ ಬಜೆಟ್ ಮಂಡಿಸಿದರು. ಅದೇ ಡಿಸೆಂಬರಿನಲ್ಲಿ ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಕರಡು ಹೊರಬಿತ್ತು. 1994ರ ಏಪ್ರಿಲ್‌ನಲ್ಲಿ ಮರಾಕೇಶ್ ಒಪ್ಪಂದಕ್ಕೆ ಸಹಿ ಬಿದ್ದು, 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಬೇಸಾಯವೂ ಬೀಜದ ಹಕ್ಕೂ ಮೊದಲ ಬಾರಿಗೆ ಜಾಗತಿಕ ವ್ಯಾಪಾರದ ಕಾನೂನಿನೊಳಗೆ ಬಂದವು.

ಈ ವಿಷಯದಲ್ಲಿ ದೇಶದಲ್ಲೇ ದೊಡ್ಡ ವಾಗ್ವಾದ ಎಬ್ಬಿಸಿದವರು ಕರ್ನಾಟಕ ರಾಜ್ಯ ರೈತ ಸಂಘದ ಪ್ರೊ. ಎಂ.ಡಿ. ನಂಜುಂಡಸ್ವಾಮಿ. ಕಾನೂನಿನ ಮೇಷ್ಟರಾಗಿದ್ದ ಅವರು ಡಂಕೆಲ್ ಕರಡನ್ನು ಹಳ್ಳಿಯ ಜಗಲಿಯ ಮಾತಾಗಿಸಿದರು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ ರೈತರು ಕಾಗದಪತ್ರ ಬೀದಿಗೆಳೆದು ಸುಟ್ಟರು. ಮರುವರ್ಷ ಬಳ್ಳಾರಿಯಲ್ಲಿ ಅದೇ ಕಂಪನಿಯ ಕಟ್ಟಡ ಕೆಡವಿದರು. 1998ರಲ್ಲಿ ಮಾನ್ಸಾಂಟೊ ಬೀಜ ಕಂಪನಿಯ ಪ್ರಾಯೋಗಿಕ ಹತ್ತಿ ಬೆಳೆಗೆ ಬೆಂಕಿ ಹಚ್ಚಿದರು. 1999ರಲ್ಲಿ ನೂರಾರು ಭಾರತೀಯ ರೈತರು ಯೂರೋಪಿನ ಊರೂರು ತಿರುಗಿ ಜಾಗತಿಕ ವ್ಯಾಪಾರದ ನಿಯಮಗಳ ವಿರುದ್ಧ ಮಾತಾಡಿದರು. ಜಗತ್ತಿನ ರೈತ ಸಂಘಟನೆಗಳ ಒಕ್ಕೂಟವಾದ ಲಾ ವಿಯಾ ಕಾಂಪೆಸಿನಾಕ್ಕೆ ರೈತ ಸಂಘ ಸೇರಿತು. ನಂಜುಂಡಸ್ವಾಮಿಯವರು 2004ರ ಫೆಬ್ರುವರಿ 3ರಂದು ತೀರಿಕೊಂಡರು. ಅವರ ಕನಸಿನ ‘ಅಮೃತಭೂಮಿ’ ಚಾಮರಾಜನಗರದ ಹೊಂಡರಬಾಳಿನಲ್ಲಿದೆ. ನಾಟಿ ಬೀಜ ಉಳಿಸುವ, ಸಹಜ ಬೇಸಾಯ ಕಲಿಸುವ ಆ ಕೇಂದ್ರಕ್ಕೆ ಹೊರದೇಶದ ರೈತರೂ ಬರುತ್ತಾರೆ. ಈ ಜಿಲ್ಲೆ ಜಗತ್ತಿಗೆ ಕೊಟ್ಟ ವಿಚಾರವೂ ಉಂಟು, ಪಡೆದದ್ದಷ್ಟೇ ಅಲ್ಲ ಎಂಬುದಕ್ಕೆ ಅದು ಸಾಕ್ಷಿ.

ಎದುರು ಪಕ್ಷದಲ್ಲಿದ್ದವರೂ ರೈತ ನಾಯಕರೇ. ಮಹಾರಾಷ್ಟ್ರದ ಶೇತಕರಿ ಸಂಘಟನೆಯ ಶರದ ಜೋಶಿ ಡಂಕೆಲ್ ಕರಡನ್ನು ಬೆಂಬಲಿಸಿದರು. ಸ್ವಿಟ್ಜರ್ಲೆಂಡಿನಲ್ಲಿ ಅಂತರರಾಷ್ಟ್ರೀಯ ಅಂಚೆ ಸಂಸ್ಥೆಯ ಕೆಲಸ ಬಿಟ್ಟು ಬಂದು ಚಾಕಣದಲ್ಲಿ ಈರುಳ್ಳಿ ಬೆಳೆಗಾರರನ್ನು ಕಟ್ಟಿದವರು ಅವರು. ಭಾರತ ಸರ್ಕಾರ ರಫ್ತು ತಡೆದು, ಬೆಲೆ ಅದುಮಿ, ರೈತನಿಗೆ ಸಿಗಬೇಕಾದದ್ದನ್ನು ಕಸಿಯುತ್ತಿದೆ; ಸಂತೆಯ ಬಾಗಿಲು ತೆರೆದರೆ ರೈತನೇ ಗೆಲ್ಲುತ್ತಾನೆ ಎಂಬುದು ಅವರ ವಾದ. ಈರುಳ್ಳಿ ಬೆಲೆ ಏರಿದೊಡನೆ ರಫ್ತು ನಿಷೇಧ ಬೀಳುವುದನ್ನು ಕಂಡ ಯಾರೂ ಈ ಮಾತನ್ನು ತಳ್ಳಿಹಾಕಲಾರರು. ಮೂವತ್ತು ವರ್ಷದ ಮೇಲೆ ತೂಗಿ ನೋಡಿದರೆ, ಬೀಜ ಮತ್ತು ಬಂಡವಾಳದ ಬಗ್ಗೆ ನಂಜುಂಡಸ್ವಾಮಿ ಕೊಟ್ಟ ಎಚ್ಚರಿಕೆಯೂ ಸರ್ಕಾರದ ಬೆಲೆನೀತಿಯ ಬಗ್ಗೆ ಜೋಶಿಯವರ ಸಿಟ್ಟೂ ಒಂದನ್ನೊಂದು ಅಳಿಸುವುದಿಲ್ಲ. ಎರಡೂ ನಿಂತಿವೆ.

ಸೂರ್ಯಕಾಂತಿ ಇದನ್ನು ಚೆನ್ನಾಗಿ ತೋರಿಸುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1980ರಲ್ಲಿ ಬಿಎಸ್‌ಎಚ್–1 ಎಂಬ ಸಂಕರಣ ತಳಿ ಬಿಡುಗಡೆ ಮಾಡಿತು. 1986ರಲ್ಲಿ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಬಂತು. ತೊಂಬತ್ತರ ದಶಕದ ಆರಂಭಕ್ಕೆ ಭಾರತ ಅಡುಗೆ ಎಣ್ಣೆಯಲ್ಲಿ ಬಹುಪಾಲು ಸ್ವಾವಲಂಬಿಯಾಯಿತು. ಕರ್ನಾಟಕ ಸೂರ್ಯಕಾಂತಿಯ ಮುಂಚೂಣಿ ರಾಜ್ಯ. 1994ರಿಂದ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆದರು, ಮುಂದೆ ಸುಂಕವನ್ನು ಏರಿಸಿ ಇಳಿಸಿದರು. 2008ರಲ್ಲಿ ಕಚ್ಚಾ ಅಡುಗೆ ಎಣ್ಣೆಯ ಮೇಲಿನ ಸುಂಕ ಸೊನ್ನೆಗೆ ಬಂತು. ಈಗ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಎಷ್ಟೋ ಜನ ಇದನ್ನು ವಿಶ್ವ ವ್ಯಾಪಾರ ಸಂಸ್ಥೆಯ ತಲೆಗೆ ಕಟ್ಟುತ್ತಾರೆ. ಆದರೆ ಆ ಒಪ್ಪಂದದ ಪ್ರಕಾರವೇ ತಾಳೆ ಎಣ್ಣೆ, ಸೂರ್ಯಕಾಂತಿ ಎಣ್ಣೆಗೆ ಶೇ. 300ರವರೆಗೆ ಸುಂಕ ಹಾಕುವ ಅಧಿಕಾರ ಭಾರತಕ್ಕಿದೆ. ಸುಂಕ ಇಳಿಸಿದ್ದು ಜಿನೀವಾದವರಲ್ಲ, ನಾವೇ ಚುನಾಯಿಸಿ ಕಳಿಸಿದ ಸರ್ಕಾರಗಳು. ಊರಿನ ಗ್ರಾಹಕರಿಗೆ ಅಗ್ಗದ ಎಣ್ಣೆ, ಬೆಳೆಗಾರನಿಗೆ ನ್ಯಾಯದ ಬೆಲೆ ಇವುಗಳ ನಡುವೆ ಮೊದಲನೆಯದನ್ನು ಅವು ಆರಿಸಿಕೊಂಡವು.

2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಭಾರತಕ್ಕೆ ಬರುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆ ಎರಡು ದೇಶಗಳದ್ದೇ. ಗುಂಡ್ಲುಪೇಟೆಯ ಅಂಗಡಿಯಲ್ಲಿ ಎಣ್ಣೆ ಪೊಟ್ಟಣದ ಬೆಲೆ ಜಿಗಿಯಿತು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ವರ್ಷಕ್ಕೆ 20 ಲಕ್ಷ ಟನ್ ಕಚ್ಚಾ ಸೂರ್ಯಕಾಂತಿ ಎಣ್ಣೆಯನ್ನು ಎರಡು ವರ್ಷ ಸುಂಕವಿಲ್ಲದೆ ತರಿಸಲು ಒಪ್ಪಿತು. ಬೆಲೆ ಏರಿದಾಗ ಗ್ರಾಹಕನ ನೆರವಿಗೆ ಓಡಿ ಬರುವ ಈ ಚುರುಕು ಬೆಲೆ ಬಿದ್ದಾಗ ಬೆಳೆಗಾರನ ಕಡೆಗೂ ತಿರುಗಿದ್ದರೆ ಹೊಲಗಳ ಚಿತ್ರ ಬೇರೆಯೇ ಇರುತ್ತಿತ್ತು.

ಅರಿಸಿನದ್ದು ಇನ್ನೊಂದು ಬಗೆ. ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ 1995ರಲ್ಲಿ ಗಾಯ ಮಾಯಿಸಲು ಅರಿಸಿನ ಬಳಸುವ ಬಗ್ಗೆ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳ ಸಾಕ್ಷಿ ಒಡ್ಡಿ ವಾದಿಸಿ, 1997ರಲ್ಲಿ ಅದನ್ನು ರದ್ದು ಮಾಡಿಸಿತು. ದೇಶ ಹೆಮ್ಮೆಪಟ್ಟಿತು, ಪಡಬೇಕಾದದ್ದೇ. ಆದರೆ ಒಂಬತ್ತು ತಿಂಗಳು ಹೊಲ ಕಾದು, ಗೆಡ್ಡೆ ಕಿತ್ತು, ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿಸಿ ಈರೋಡಿಗೆ ಲಾರಿ ಹತ್ತಿಸುವ ಗುಂಡ್ಲುಪೇಟೆಯ ಬೆಳೆಗಾರನ ಕೈಗೆ ಆ ಗೆಲುವಿನಿಂದ ಏನೂ ಬರಲಿಲ್ಲ. 2010ರ ಕೊನೆಗೆ ಕ್ವಿಂಟಲಿಗೆ 15 ಸಾವಿರ ದಾಟಿದ್ದ ಬೆಲೆ ಎರಡು ವರ್ಷದೊಳಗೆ ಮೂರನೆಯ ಒಂದು ಭಾಗದಷ್ಟಕ್ಕೆ ಬಿತ್ತು. ಒಳ್ಳೆಯ ಬೆಲೆ ನೋಡಿ ಎಲ್ಲರೂ ಅರಿಸಿನವನ್ನೇ ಹಾಕಿದ್ದರು.

ಚೆಂಡು ಹೂವಿಗೆ ಹಾಗಲ್ಲ, ಅಲ್ಲಿ ಕರಾರು ಇದೆ. ಕಂಪನಿ ಬಿತ್ತನೆ ಕೊಡುತ್ತದೆ, ಬೆಲೆ ಮೊದಲೇ ಹೇಳುತ್ತದೆ, ಹೂವನ್ನು ತಾನೇ ಕೊಳ್ಳುತ್ತದೆ. ಮಳೆಯಾಶ್ರಿತ ರೈತನಿಗೆ ಇದು ಸಣ್ಣ ನೆಮ್ಮದಿಯಲ್ಲ. ಮೂರು–ನಾಲ್ಕು ತಿಂಗಳಲ್ಲಿ ಕೈಗೆ ದುಡ್ಡು ಬರುತ್ತದೆ. ಕೊಯ್ದ ಹೂವನ್ನು ಹುಳಿಯಲು ಇಟ್ಟು, ಹಿಂಡಿ, ಒಣಗಿಸಿ, ಉಂಡೆ ಮಾಡಿ, ದ್ರಾವಕದಿಂದ ಅದರ ಅಂಟುಸತ್ವ ತೆಗೆಯುತ್ತಾರೆ. ಅದನ್ನು ಇನ್ನಷ್ಟು ಶುದ್ಧ ಮಾಡಿದರೆ ಲ್ಯೂಟಿನ್. ಕೋಳಿಯ ಮೇವಿಗೆ ಬೆರೆಸಿದರೆ ಮೊಟ್ಟೆಯೊಳಗಿನ ಹಳದಿ ಇನ್ನೂ ಗಾಢವಾಗುತ್ತದೆ. ಶ್ರೀಮಂತ ದೇಶಗಳ ಗ್ರಾಹಕರಿಗೆ ಆ ಬಣ್ಣ ಬೇಕು. ವಯಸ್ಸಾದವರ ಅಕ್ಷಿಪಟಲದ ಕ್ಷಯದ ಬಗ್ಗೆ ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ ನಡೆಸಿದ ಎರಡನೆಯ ದೊಡ್ಡ ಅಧ್ಯಯನದಲ್ಲಿ ದಿನಕ್ಕೆ 10 ಮಿಲಿಗ್ರಾಂ ಲ್ಯೂಟಿನ್ ಬಳಸಿದ್ದರು. 2013ರಲ್ಲಿ ಅದರ ಫಲಿತಾಂಶ ಬಂದ ಮೇಲೆ ಇಂಥ ಮಾತ್ರೆಗಳಲ್ಲಿ ಲ್ಯೂಟಿನ್‌ಗೆ ಗಟ್ಟಿ ಜಾಗ ಸಿಕ್ಕಿತು. ಹೊಲದ ಬದುವಿನಲ್ಲಿ ಕಿಲೋಗೆ ಕೆಲವೇ ರೂಪಾಯಿಗೆ ತೂಗುವ ಹೂವಿಗೂ ಔಷಧದಂಗಡಿಯ ಡಬ್ಬಿಗೂ ನಡುವೆ ಹಲವು ಕೈಗಳಿವೆ. ಹೆಚ್ಚಿನ ಲಾಭ ಆ ಕೈಗಳಲ್ಲಿ ಉಳಿಯುತ್ತದೆ. 1914ರಲ್ಲಿ ಗಂಧದ ಮರ ಇದ್ದ ಜಾಗದಲ್ಲಿ ಇಂದು ಚೆಂಡು ಹೂ ಇದೆ.

ಚಾಮರಾಜನಗರದ ಕರಿಕಲ್ಲಿನ ಮಾತೂ ಇದೇ. ಅದರ ನುಣುಪು, ಕಪ್ಪಿಗೆ ಸಾಟಿಯಿಲ್ಲ. ಯೂರೋಪು, ಜಪಾನಿನ ಸ್ಮಶಾನಗಳಲ್ಲಿ ಸ್ಮಾರಕವಾಗಿ ನಿಲ್ಲುತ್ತದೆ. ಗಣಿಯೂರಿಗೆ ಉಳಿಯುವುದು ಗುಂಡಿ ಮತ್ತು ಧೂಳು.

ರಫ್ತಾಗುವ ಇನ್ನೊಂದು ವಸ್ತು ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಅದು ನೀರು. ಬೆಳೆಯ ಮೂಲಕ ಸಾಗಿಹೋಗುವ ಈ ಕಾಣದ ನೀರಿನ ಲೆಕ್ಕವನ್ನು ಜಗತ್ತಿಗೆ ತೋರಿಸಿದವರು ಲಂಡನ್ನಿನ ಪ್ರಾಧ್ಯಾಪಕ ಟೋನಿ ಅಲನ್. ಅದಕ್ಕಾಗಿ 2008ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಪಡೆದರು. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಆ ಲೆಕ್ಕಕ್ಕೆ ಬೇಕಾದ ಅಳತೆಗಳೂ ಇವೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಜೊತೆಗೂಡಿ ಬೇರಂಬಾಡಿಯ 84 ಚದರ ಕಿಲೋಮೀಟರ್ ಜಲಾನಯನದಲ್ಲಿ ವರ್ಷಗಳಿಂದ ಮಳೆ, ಬೆಳೆ, ಕೊಳವೆಬಾವಿಗಳ ಮಟ್ಟ ಅಳೆಯುತ್ತಿದ್ದಾರೆ. ಅವರು ಕಂಡದ್ದು ಇಷ್ಟು: ಪಂಪುಗಳು ಹೆಚ್ಚಿದಂತೆ ಕಣಿವೆಯ ಊರುಗಳಲ್ಲಿ ಅಂತರ್ಜಲ ಪಾತಾಳಕ್ಕಿಳಿಯಿತು, ವರ್ಷವಿಡೀ ಹರಿಯುತ್ತಿದ್ದ ಹಳ್ಳಗಳು ನಿಂತವು, ಉಳಿದ ನೀರಿನಲ್ಲಿ ಗೊಬ್ಬರದ ನೈಟ್ರೇಟ್ ಸೇರಿತು. ಅರಿಸಿನ, ಬಾಳೆ, ಸಣ್ಣ ಈರುಳ್ಳಿಗೆ ನೀರು ಬೇಕು. ಹತ್ತು ಅಶ್ವಶಕ್ತಿಯವರೆಗಿನ ಪಂಪಿಗೆ ಕರೆಂಟು ಉಚಿತ. ಫ್ರಾನ್ಸಿನ ಸಂಶೋಧಕರು ಈ ಊರುಗಳ ಬೋರ್‌ವೆಲ್‌ಗಳ ಆಳವನ್ನು ಲೇಖನಗಳಲ್ಲಿ ಪ್ರಕಟಿಸಿದ್ದಾರೆ. ಊರಿನವರ ಕೈಗೂ ಅದು ಕನ್ನಡದಲ್ಲಿ ಸಿಗಬೇಕಲ್ಲವೇ?

ಹೊರಗಿನ ಸಂತೆಯೆಂದರೆ ಸಮುದ್ರದಾಚೆಯದೇ ಅಲ್ಲ. ತೆರಕಣಾಂಬಿಯ ತರಕಾರಿ, ಈ ಸೀಮೆಯ ನೇಂದ್ರ ಬಾಳೆ ಕೇರಳದ ಅಡುಗೆಮನೆಗೆ ಹೋಗುತ್ತವೆ. ವಯನಾಡಿನವರು ಇಲ್ಲಿ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಕೇರಳಕ್ಕೆ ದುಡ್ಡು ಬರುವುದು ಕೊಲ್ಲಿ ದೇಶಗಳಿಂದ. ದುಬೈಯ ಸಂಬಳ ಗುಂಡ್ಲುಪೇಟೆಯ ಬದನೆಕಾಯಿಯನ್ನು ಕೊಳ್ಳುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಈ ಹರಿವಿಗೆ ಒಂದು ತಡೆಯನ್ನು ಜಿಲ್ಲೆಯೇ ಹಾಕಿತು: 2009ರಲ್ಲಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಲ್ಲಿಸಿದರು. ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಿಷೇಧ ತೆಗೆಯಬೇಕೆಂಬ ಕೇರಳದ ಒತ್ತಾಯ ಇಂದಿಗೂ ನಿಂತಿಲ್ಲ. ಲಾರಿಗಿಂತ ಆನೆ, ಕಡವೆಗಳ ರಾತ್ರಿ ದೊಡ್ಡದು ಎಂದು ಒಂದು ಜಿಲ್ಲಾಡಳಿತ ತೀರ್ಮಾನಿಸಿತು. ಹರಿವಿಗೆ ಮಿತಿ ಹಾಕುವುದು ಆಗದ ಕೆಲಸವಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಕಾಡಿನೊಳಗೆ ಬೇರೊಂದು ವಿದೇಶಿ ಬೀಡುಬಿಟ್ಟಿದೆ. ಅಮೆರಿಕದ ಉಷ್ಣವಲಯದ ಲಾಂಟಾನವನ್ನು ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಂದದ ಗಿಡವೆಂದು ಕಲ್ಕತ್ತಾದ ತೋಟಕ್ಕೆ ತಂದರು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡಿನ ನೆಲವನ್ನು ಅದು ಮುಚ್ಚಿದೆ. ಹುಲ್ಲು ಹೋಯಿತು, ಅಲ್ಲಿಯ ಬುಡಕಟ್ಟಿನವರಾದ ಸೋಲಿಗರು ಸಂಗ್ರಹಿಸುವ ಕಿರು ಉತ್ಪನ್ನ ಕುಗ್ಗಿತು. ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯಲು ಕಲಿತರು. ಬಂಡೀಪುರದಾಚೆಯ ನೀಲಗಿರಿಯಲ್ಲಿ ಬೆಟ್ಟಕುರುಂಬರು, ಪಣಿಯರು, ಸೋಲಿಗರು ಲಾಂಟಾನದಿಂದ ನಿಜಗಾತ್ರದ ಆನೆಗಳನ್ನೇ ಕಟ್ಟಿದರು. ಅವು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, 2024ರಲ್ಲಿ ಅಮೆರಿಕದ ಊರುಗಳಲ್ಲಿ ನಿಂತವು. ಎಲ್ಲಿಂದಲೋ ಬಂದ ಹಾವಳಿಯನ್ನು ಕೈಕೆಲಸದಿಂದ ಮಾರಾಟದ ಸರಕಾಗಿಸಿದ ಈ ಜನ ವಿಶ್ವೇಶ್ವರಯ್ಯನವರ ಹಾದಿಯನ್ನೇ ಹಿಡಿದಿದ್ದಾರೆ.

ಜಾಗತೀಕರಣ ಮುಗಿಯಿತು ಎಂಬ ಮಾತು ಈಗ ಕೇಳಿಬರುತ್ತಿದೆ. 2020ರ ಕೋವಿಡ್ ಕಾಲದಲ್ಲಿ ವಿಮಾನಗಳು ನಿಂತವು, ಹಡಗಿನ ಸಾಗಣೆ ಅಸ್ತವ್ಯಸ್ತವಾಯಿತು. ಅಮೆರಿಕ 2025ರ ಆಗಸ್ಟ್‌ನಲ್ಲಿ ಭಾರತದ ಹಲವು ಸರಕುಗಳ ಮೇಲೆ ಶೇ. 50ರ ಸುಂಕ ಹೇರಿತು. ಕೋವಿಡ್‌ನಲ್ಲಿ ಚಾಮರಾಜನಗರ ಜೂನ್ ಎರಡನೆಯ ವಾರದವರೆಗೆ ಒಂದೂ ಸೋಂಕಿಲ್ಲದೆ, ರಾಜ್ಯದ ಕೊನೆಯ ಹಸಿರು ಜಿಲ್ಲೆಯಾಗಿ ಉಳಿದಿತ್ತು. ಆದರೆ ಅದೇ ದಿನಗಳಲ್ಲಿ ಮಾರುಕಟ್ಟೆಗೆ ಹೋಗಲಾರದ ತರಕಾರಿ ಹೊಲದಲ್ಲೇ ಕೊಳೆಯಿತು. ಬಾಗಿಲು ಹಾಕಿಕೊಂಡರೆ ಆಗುವ ನಷ್ಟ ಏನು, ತೆರೆದಿಟ್ಟರೆ ಏನು ಎರಡನ್ನೂ ಈ ಜಿಲ್ಲೆ ನೋಡಿದೆ.

ಹಾಗಾಗಿ ಭೀಮನಬೀಡಿನಂಥ ಊರು ಕೇಳಬೇಕಾದದ್ದು ಜಾಗತೀಕರಣ ಬೇಕೋ ಬೇಡವೋ ಎಂದಲ್ಲ, ಯಾವ ಷರತ್ತಿನ ಮೇಲೆ ಎಂದು. ಚೆಂಡು ಹೂವಿನ ಕರಾರು ಪತ್ರ ಕನ್ನಡದಲ್ಲಿರಲಿ, ಸಹಿಗೆ ಮೊದಲು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಹೂವನ್ನು ಒಣಗಿಸಿ ಉಂಡೆ ಮಾಡುವ ಮಟ್ಟದ ಕೆಲಸವಾದರೂ ರೈತ ಉತ್ಪಾದಕ ಸಂಸ್ಥೆಗಳ ಕೈಗೆ ಬರಲಿ. ಸರ್ಕಾರ ಅದಕ್ಕೆ ಸಾಲ ಕೊಡಲಿ. ಬೇರಂಬಾಡಿಯ ಕೊಳವೆಬಾವಿಗಳ ಅಳತೆಯನ್ನು ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ತಿಂಗಳಿಗೊಮ್ಮೆ ಬರೆಯಲಿ. ರೇಷ್ಮೆ, ಎಣ್ಣೆಬೀಜಗಳ ಸುಂಕ ಬದಲಿಸುವ ಮೊದಲು ಬೆಳೆಯುವ ಜಿಲ್ಲೆಗಳ ಲಿಖಿತ ಅಭಿಪ್ರಾಯ ಪಡೆಯಬೇಕೆಂದು ಚಾಮರಾಜನಗರದ ಸಂಸದರು, ಶಾಸಕರು ಒತ್ತಾಯಿಸಲಿ. ಇವುಗಳಲ್ಲಿ ಯಾವುದಕ್ಕೂ ವಿಶ್ವ ವ್ಯಾಪಾರ ಸಂಸ್ಥೆಯ ಅಪ್ಪಣೆ ಬೇಕಿಲ್ಲ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಇವು ಸೇರುವಂತೆ ಊರಿನವರು ಅರ್ಜಿ ಬರೆದುಕೊಡಬೇಕು.